ಬಿಸಿಲಿಗೆ ಕೆಂಪು ನಿಲ್ಲುವುದಿಲ್ಲ

ಮೊನ್ನೆ ಬೀದರದ ತರಕಾರಿ ಮಾರ್ಕೆಟ್ಟಿನಲ್ಲಿ ನೀಲಿ ಟೊಮ್ಯಾಟೊ ನೋಡಿದೆ. ಬುಟ್ಟಿಯಲ್ಲಲ್ಲ, ಅಂಗಡಿಯ ನೆತ್ತಿಯ ಮೇಲೆ ಕಟ್ಟಿದ್ದ ಬ್ಯಾನರಿನಲ್ಲಿ. ಕಟ್ಟಿದ ಹೊಸತರಲ್ಲಿ ಅದು ಕೆಂಪಗೆ ಹೊಳೆಯುತ್ತಿದ್ದಿರಬೇಕು. ಪಕ್ಕದಲ್ಲಿ ಒಣಮೆಣಸಿನಕಾಯಿ, ಗಜ್ಜರಿ, ಮೂಲೆಯಲ್ಲಿ ಕೈಮುಗಿದು ನಿಂತ ಮಾಲೀಕರು. ಒಂದು ಬೇಸಿಗೆ ಕಳೆದದ್ದೇ ತಡ, ಟೊಮ್ಯಾಟೊ ನೀಲಿಯಾಗಿದೆ, ಗಜ್ಜರಿ ಬೂದಿಬಣ್ಣಕ್ಕೆ ತಿರುಗಿದೆ, ಮಾಲೀಕರ ಮುಖಕ್ಕಂತೂ ಜೀವ ಹೋದವರ ಬಣ್ಣ ಬಂದಿದೆ. ನನ್ನ ಪಕ್ಕದಲ್ಲಿ ಸೌತೆಕಾಯಿ ಆರಿಸುತ್ತಿದ್ದ ಕಾಲೇಜು ಹುಡುಗಿಯರು ಅದನ್ನು ತೋರಿಸಿ ತೋರಿಸಿ ನಗುತ್ತಿದ್ದರು. ನಾನೂ ನಗಬೇಕಾಗಿತ್ತು. ಕೈಚೀಲ ಕೆಳಗಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಟೊಮ್ಯಾಟೊ ನೋಡಿ ಕೈಕಾಲು ತಣ್ಣಗಾಗುವ ಹೆಂಗಸು ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ನಮ್ಮದು ನೌಬಾದದಲ್ಲಿ ಬೋರ್ಡು, ಬ್ಯಾನರು ಮಾಡುವ ಅಂಗಡಿ. ನನ್ನ ಗಂಡ ಗೌತಮ, ಅಂದರೆ ನಮ್ಮ ಯಜಮಾನರು, ಮುದ್ರಣದ ಮಷಿನ್ ನೋಡಿಕೊಳ್ಳುತ್ತಾರೆ. ನಾನು ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುತ್ತೇನೆ, ಚಿತ್ರ ಕೂಡಿಸುತ್ತೇನೆ, ಗಿರಾಕಿಗಳ ಜೊತೆ ಜಗಳ ಆಡುತ್ತೇನೆ. ಜಗಳವೆಲ್ಲ ಹುಟ್ಟುವುದು ಒಂದೇ ಪ್ರಶ್ನೆಯಿಂದ. "ಇದು ಒಳಗ ಹಾಕೋದೋ, ಹೊರಗ ಹಾಕೋದೋ?" ಇಷ್ಟೇ ನಾನು ಕೇಳುವುದು. ಕೇಳಿದ ಕೂಡಲೇ ಗಿರಾಕಿಯ ಕಣ್ಣು ಸಣ್ಣಗಾಗುತ್ತದೆ. ಈ ಹೆಂಗಸು ತುಟ್ಟಿ ಮಾಲು ತಲೆಗೆ ಕಟ್ಟಲು ನೋಡುತ್ತಿದ್ದಾಳೆ ಎಂಬ ಗುಮಾನಿ.

"ಮದುವಿ ಮಂಟಪದ ಒಳಗ್ರಿ."

"ಮಂಟಪ ಎಲ್ಲಿ ಹಾಕ್ತೀರಿ?"

"ಹೊಲದಾಗ್ರಿ."

"ಹಂಗಂದ್ರ ಹೊರಗ ಆತಲ್ಲ?"

"ಅಯ್ಯ, ಮಂಟಪದ ಒಳಗ ಅಂತ ಕನ್ನಡದಾಗೇ ಹೇಳ್ದೆ ಅಲ್ರಿ ಬಾಯಿ!"

ಇನ್ನೊಬ್ಬ ಕಿರಾಣಿಯವರು ಇನ್ನೂ ಜಾಣರು. ಅರ್ಧ ಒಳಗ, ಅರ್ಧ ಹೊರಗ ಅಂದರು. ಅವರ ಅಂಗಡಿಯ ಮುಂದಿನ ತಗಡಿನ ಚಪ್ಪರದ ನೆರಳು ಬೋರ್ಡಿನ ಅರ್ಧದ ತನಕ ಬರುತ್ತಿತ್ತು. ಯುಗಾದಿಗೆ ಹಾಕಿದ ಬೋರ್ಡನ್ನು ನಾಗರಪಂಚಮಿಗೆ ನೋಡಿದರೆ ಅವರ ತಂದೆಯ ಫೋಟೊ ನಡುವೆ ಗೆರೆ ಕೊಯ್ದಂತೆ ಒಂದು ಕೆನ್ನೆ ಗುಲಾಬಿ, ಒಂದು ಕೆನ್ನೆ ನೀಲಿ. "ನಮ್ಮಪ್ಪ ಹಿಂಗಿದ್ದಿಲ್ರಿ" ಎಂದು ಅವರು ನನ್ನ ಜೊತೆ ವಾದಕ್ಕೆ ನಿಂತರು. ಇರಲಿಲ್ಲ ಎಂದು ನನಗೂ ಗೊತ್ತು.

ಒಳಗೆ, ಹೊರಗೆ ಅಂದರೆ ಅಂಥ ಫರಕು ಏನು ಎಂದು ನೀವು ಕೇಳಬಹುದು. ಫರಕು ಬಿಸಿಲಿನದು. ಒಳಗೆ ಹಾಕುವ ಮಾಲು ನೋಡಲು ಬಲು ಚೆಂದ. ನುಣುಪು ಹಾಳೆ, ನೀರಿನಂಥ ತೆಳು ಶಾಯಿ. ಮುಖದ ಮೇಲಿನ ಮಚ್ಚೆ ಕೂಡ ಎದ್ದು ಕಾಣುತ್ತದೆ. ಅದನ್ನು ಹಗುರಾದ ಪ್ಲಾಸ್ಟಿಕ್ ಹಲಗೆಗೆ ಅಂಟಿಸಿಕೊಡುತ್ತೇವೆ. ಆ ಹಲಗೆಗೆ ಸನ್‌ಬೋರ್ಡ್ ಎಂದು ಹೆಸರಿಟ್ಟ ಪುಣ್ಯಾತ್ಮ ನಮ್ಮ ಬೀದರದ ಬೇಸಿಗೆ ಕಂಡವನಲ್ಲ. ಹೊರಗೆ ಹಾಕುವುದಕ್ಕಾದರೆ ದಪ್ಪ ಫ್ಲೆಕ್ಸು, ಮೂಗಿಗೆ ಘಾಟು ಹೊಡೆಯುವ ಶಾಯಿ, ಇಲ್ಲವೇ ತಗಡಿನ ಮೇಲೆ ಎಣ್ಣೆಬಣ್ಣ. ನೋಡಲು ಒರಟು, ಬಾಳಿಕೆ ಗಟ್ಟಿ. ಒಳಗಿನ ಶಾಯಿಯನ್ನು ಬಿಸಿಲಿಗೆ ಒಡ್ಡಿದರೆ ಅದರಲ್ಲಿ ಮೊದಲು ಹೋಗುವುದು ಕೆಂಪು. ಅದರ ಬೆನ್ನಿಗೆ ಹಳದಿ. ನೀಲಿ ಮತ್ತು ಕಪ್ಪು ಗಟ್ಟಿ ಪಿಂಡಗಳು, ಕೊನೆತನಕ ಕೂತಿರುತ್ತವೆ.

ಈ ಕಸುಬಿಗೆ ನನ್ನಂಥ ಪುಕ್ಕಲು ಹೆಂಗಸು ಬರಬಾರದಿತ್ತು. ಬೇಸಿಗೆಯ ಸಂಜೆ ಗಾಳಿ ಎದ್ದರೆ ಓಣಿಯವರೆಲ್ಲ ಒಣಹಾಕಿದ ಹಪ್ಪಳ ತೆಗೆಯಲು ಮಾಳಿಗೆಗೆ ಓಡುತ್ತಾರೆ. ನಾನು ಯಾವ ಕಟ್ಟಡದ ಮೇಲೆ ನಮ್ಮ ಯಾವ ಬೋರ್ಡಿದೆ, ಅದರ ಕೆಳಗೆ ಯಾರು ಭಜಿ ಕರಿಯುತ್ತ ಕೂತಿರಬಹುದು ಎಂದು ಎದೆ ಹಿಡಿದುಕೊಂಡು ಕೂರುತ್ತೇನೆ. "ನಿನಗ ಅಂಜಾಕ ಒಂದು ನೆವ ಬೇಕು ನೋಡು. ಗಾಳಿ ಇಲ್ಲಂದ್ರ ಗಾಳಿ ಯಾಕ ಇಲ್ಲಂತ ಅಂಜ್ತಿ" ಎಂದು ಯಜಮಾನರು ನಗುತ್ತಾರೆ. ಅವರು ಹೇಳುವುದು ಸುಳ್ಳಲ್ಲ.

ಈ ಅಂಜಿಕೆ ನನಗೆ ಅಂಟಿದ್ದು ಭಾಲ್ಕಿಯಲ್ಲಿ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ನಮ್ಮ ಮನೆ ಸ್ಟೇಷನ್ನಿನ ಹಿಂದೆ. ಮನೆಯಿಂದ ಸಾಲಿಗೆ ಹೋಗುವ ದಾರಿಯಲ್ಲಿ ಕರೆಂಟಿನ ಕಂಬವೊಂದಿತ್ತು. ಅದಕ್ಕೆ ಒಂದು ತಗಡು, ತಗಡಿನ ಮೇಲೆ ಕೆಂಪು ಬಣ್ಣದ ತಲೆಬುರುಡೆ, ಬುರುಡೆಯ ಕೆಳಗೆ ಕತ್ತರಿ ಹಾಕಿದ ಎರಡು ಎಲುಬು. ಬುರುಡೆಗೆ ಹಲ್ಲುಗಳಿದ್ದವು ನೋಡಿ, ಅದೇ ನನಗೆ ಆಗುತ್ತಿರಲಿಲ್ಲ. ಸತ್ತವರು ಯಾಕೆ ನಗಬೇಕು? ಆ ಕಂಬ ತಪ್ಪಿಸಲು ನಾನು ಕಬ್ಬಿನ ಗಾಡಿಗಳು ನಿಲ್ಲುವ ಮೈದಾನ ಸುತ್ತಿಕೊಂಡು, ದಿನಾ ತಡವಾಗಿ ಹೋಗಿ, ದಿನಾ ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ಗಾಡಿಯಿಂದ ಬಿದ್ದ ಕಬ್ಬಿನ ತುಂಡು ಆರಿಸಿ ತಿನ್ನುತ್ತಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ಭಯ ಇದ್ದಲ್ಲಿ ಬಾಯಿ ರುಚಿ ಇರುವುದಿಲ್ಲ ಅನ್ನುವುದು ಸುಳ್ಳು.

ಒಂದು ದಿನ ಅಪ್ಪನಿಗೆ ವಿಷಯ ಗೊತ್ತಾಗಿ ಕೈಹಿಡಿದು ಆ ಕಂಬದ ಬುಡಕ್ಕೇ ಕರೆದುಕೊಂಡು ಹೋದರು. ನಾನು ಕಣ್ಣು ಮುಚ್ಚಿ ಕಿರುಚಿದೆ. "ನೋಡು ತಾಯಿ, ಇಂವ ನಿನಗ ಹೆದರ್ಸಾಕ ಕುಂತಿಲ್ಲ, ಉಳಸಾಕ ಕುಂತಾನ. ಇಂವನ ಮಾರಿ ನೋಡಿ ಅಂಜಿದವರು ಬದುಕ್ತಾರ" ಅಂದರು. ಅಪ್ಪ ಹೆಚ್ಚು ಓದಿದವರಲ್ಲ. ಹಳಿಯ ಮೇಲಿನ ಕೆಂಪು ಬಾವುಟ, ಕೆಂಪು ದೀಪ ನಂಬಿ ಬದುಕು ಮಾಡಿದವರು. ಕೆಂಪು ಅಂದರೆ ನಿಲ್ಲು, ಅಷ್ಟೇ ಅವರ ಶಾಸ್ತ್ರ. ನಾನು ಬುರುಡೆಗೆ ಅಂಜುವುದನ್ನು ಬಿಡಲಿಲ್ಲ. ಆದರೆ ಬುರುಡೆ ಬರೆದವನು ಕೆಟ್ಟವನಲ್ಲ ಎಂದು ತಿಳಿಯಿತು.

ಎಲ್ಲಿಂದ ಎಲ್ಲಿಗೋ ಬಂದೆ. ಹೇಳಬೇಕಾದದ್ದು ಬರದ ವರ್ಷದ್ದು.

ಆ ವರ್ಷ ಮಳೆ ಸತತ ಎರಡನೇ ಸಲ ಕೈಕೊಟ್ಟಿತ್ತು. ತೊಗರಿ ಮೊಣಕಾಲೆತ್ತರಕ್ಕೇ ಹೂ ಬಿಟ್ಟು ಒಣಗಿತ್ತು. ದೀಪಾವಳಿ ಮುಗಿದದ್ದೇ ತಡ ಔರಾದ ಕಡೆಯ ಊರುಗಳು ಒಂದೊಂದಾಗಿ ಬಸ್ಸು ಹತ್ತಿದವು. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ, ಕಟ್ಟಡದ ಕೆಲಸಕ್ಕೆ. ಅವರಲ್ಲಿ ಬಹಳ ಮಂದಿ ಬೀದರದಲ್ಲಿ ಗಾಡಿ ಬದಲಿಸುವಾಗ ನಮ್ಮ ಅಂಗಡಿಗೆ ಬಂದು ಹೋಗುತ್ತಿದ್ದರು. ಬೋರ್ಡು ಮಾಡಿಸಲು ಅಲ್ಲ. "ಹಳೇ ಫ್ಲೆಕ್ಸ್ ಅದಾವೇನ್ರಿ?" ಹೋದಲ್ಲಿ ಗುಡಿಸಲಿಗೆ ಹೊದಿಸಲು ಅದು ಬೇಕು.

ಮಾಲು ಆರಿಸುವುದರಲ್ಲಿ ಅವರು ನಮ್ಮನ್ನು ಮೀರಿಸಿದವರು. ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು, ಬಿಸಿಲಿಗೆ ಹಿಡಿದು ಬೆಳಕು ತೂರುತ್ತದೋ ಎಂದು ನೋಡುತ್ತಿದ್ದರು, ಬೆನ್ನು ಕಪ್ಪಗಿದ್ದದ್ದು ಸಿಕ್ಕರೆ ಹಬ್ಬ. ಮೇಲಿನ ಚಿತ್ರ ಯಾರದೆಂಬ ಚಿಂತೆ ಇಲ್ಲ. ಚುನಾವಣೆಯಲ್ಲಿ ಸೋತವರು, ಗೆದ್ದವರು, ಮದುಮಕ್ಕಳು, ಸ್ವರ್ಗಸ್ಥರು, ಎಲ್ಲರೂ ಸುರುಳಿ ಸುತ್ತಿಕೊಂಡು ಹೈದರಾಬಾದಿಗೆ ಹೋದರು. ಒಬ್ಬ ಅಜ್ಜಿ ಮಾತ್ರ ಮುಖದ ಕಡೆಯನ್ನು ಹೊರಗೆ ಮಾಡಿ ಹೊದಿಸಬೇಕು ಎಂದು ಮಗನಿಗೆ ತಾಕೀತು ಮಾಡುತ್ತಿದ್ದಳು. ಯಾಕಜ್ಜಿ ಎಂದೆ. "ಒಳಗ ಮಾಡಿದ್ರ ಮಕ್ಕೊಂಡಾಗ ಮ್ಯಾಲಿಂದ ನೋಡ್ತಾರವ್ವ. ಅನ್ಯ ಗಂಡಸೂರು" ಅಂದಳು. ಆ ದಿನ ನಾವು ಬಹಳ ನಕ್ಕೆವು. ಅವರು ಹೋದ ಮೇಲೆ ಅಂಗಡಿಯ ಮೂಲೆ ಬರಿದಾಗಿತ್ತು.

ಶಿವರಾತ್ರಿಯ ಹೊತ್ತಿಗೆ ಕಾಶಿನಾಥ ಮಾಸ್ತರರು ಬಂದರು. ಔರಾದದ ಆಚೆ ಒಂದು ಸಣ್ಣ ಊರಿನ ಸಾಲಿ ಮಾಸ್ತರರು. ನಮ್ಮ ಹಳೆಯ ಗಿರಾಕಿ, ಸಜ್ಜನ ಮನುಷ್ಯ. ಮುಖ ಬಾಡಿತ್ತು. ಅವರ ಊರಿನಲ್ಲಿ ವಾಂತಿಭೇದಿ ಹಬ್ಬಿತ್ತಂತೆ. ಒಬ್ಬ ಮುದುಕಿ ತೀರಿಕೊಂಡಿದ್ದಳಂತೆ. ರಸ್ತೆಯ ದಂಡೆಗಿರುವ ಬೋರಿಂಗಿಗೆ, ಅಂದರೆ ಕೈಯಿಂದ ಜಗ್ಗುವ ಪಂಪಿಗೆ, ಗಟಾರದ ನೀರು ಬಸಿದು ಸೇರುತ್ತಿದೆ ಎಂದು ನೀರು ನೋಡಲು ಬಂದವರು ಹೇಳಿ ಹೋಗಿದ್ದರಂತೆ.

"ಅದರ ಕೈ ಬಿಚ್ಚಿ ಇಟ್ಟುಬಿಡ್ರಿ ಮಾಸ್ತರ" ಅಂದರು ಯಜಮಾನರು.

"ಬಿಚ್ಚಾಕ ಬರಂಗಿಲ್ಲಪ್ಪ. ದನಕ್ಕ, ಬಟ್ಟಿಗಿ ಅದೇ ನೀರು ಆಧಾರ. ಕುಡ್ಯಾಕ ಟ್ಯಾಂಕರ್ ಸಾಲಿ ತನಾ ಬರ್ತದ. ಮಂದಿಗಿ ಗೊತ್ತದ, ಹುಡುಗುರಿಗಿ ಯಾರು ಹೇಳ್ಬೇಕು? ಆಡ್ತಾ ಆಡ್ತಾ ಹೋಗಿ ಕುಡೀತಾವ. ಒಂದು ಬೋರ್ಡ್ ಮಾಡಿಕೊಡ್ರಿ. ಓದಾಕ ಬರದ ಕೂಸಿಗೂ ತಿಳೀಬೇಕು."

"ಒಳಗ ಹಾಕೋದೋ, ಹೊರಗೋ ಮಾಸ್ತರ?" ನಾನು ಕೇಳಿದೆ.

"ಒಳಗ್ರಿ ತಂಗಿ. ಸಾಲಿ ಗ್ವಾಡಿಗಿ. ದಿನಾ ಪ್ರಾರ್ಥನಾ ಆದ ಮ್ಯಾಲ ತೋರಿಸಿ ಹೇಳ್ತೇನಿ."

ಮನಸ್ಸಿಟ್ಟು ಮಾಡಿದೆ. ಬೋರಿಂಗಿನ ಬಾಯಿ, ಅದರ ಕೆಳಗೆ ತುಂಬಿದ ಗಾಜಿನ ಲೋಟ, ಮೂರು ನಾಲ್ಕು ಹನಿ, ಎಲ್ಲ ತಿಳಿನೀಲಿ. ಅದರ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಎರಡು ದಪ್ಪ ಕೆಂಪು ಗೆರೆ ಎಳೆದು ಕಾಟು ಹೊಡೆದೆ. ನೆತ್ತಿಯ ಮೇಲೆ ದೊಡ್ಡ ಕೆಂಪು ಅಕ್ಷರದಲ್ಲಿ "ಕುಡಿಯಬೇಡಿ". ಕೆಳಗೆ ಒಂದಿಷ್ಟು ಜಾಗ ಉಳಿಯಿತು. ಬೋರ್ಡಿನವರಿಗೆ ಖಾಲಿ ಜಾಗ ಕಂಡರೆ ಕೈ ಕಡಿಯುತ್ತದೆ. "ನೀರು ಅಮೂಲ್ಯ" ಎಂದು ಕಪ್ಪಿನಲ್ಲಿ ಬರೆದು ತುಂಬಿಸಿದೆ. ಒಳಗಿನ ಹಾಳೆ, ಒಳಗಿನ ಶಾಯಿ, ಸನ್‌ಬೋರ್ಡು. ಮಾಸ್ತರರು ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಬಸ್ಸು ಹತ್ತಿದರು.

ಬೇಸಿಗೆ ಹೇಗೆ ಕಳೆಯಿತೋ ಕಳೆಯಿತು. ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ತಂದರು ಎಂದು ಜನ ಕತೆ ಹೇಳುತ್ತಿದ್ದರು. ನಮ್ಮ ಓಣಿಯಲ್ಲಿ ಕೊಡಗಳು ಮನುಷ್ಯರ ಬದಲು ಸಾಲಿನಲ್ಲಿ ನಿಲ್ಲುತ್ತಿದ್ದವು. ಮಿರಗದ ಮಳೆಯ ಹೊತ್ತು, ಬಿತ್ತನೆಯ ಕಾಲ, ಹತ್ತಿರ ಬಂದಾಗ ಆಕಾಶದ ಮೂಲೆಯಲ್ಲಿ ಸ್ವಲ್ಪ ಮೋಡ ಕಾಣಿಸಿತು. ಔರಾದದ ಬೀಜ, ಗೊಬ್ಬರದ ಅಂಗಡಿಯೊಂದಕ್ಕೆ ಹೊಸ ಬೋರ್ಡು ಕೂಡಿಸಲು ನಾವಿಬ್ಬರೂ ಬೈಕಿನ ಮೇಲೆ ಹೋದೆವು. ಕೆಲಸ ಮುಗಿದ ಮೇಲೆ ಯಜಮಾನರು, "ಸಾಲಿ ಸುರುವಾಗೋ ಟೈಮ್. ಮಾಸ್ತರಿಗಿ ಏನಾರ ಬೇಕಾಗಿರಬೇಕು, ಹೋಗಿ ಬರೋಣ" ಅಂದರು. ಅವರದು ವ್ಯಾಪಾರದ ತಲೆ. ನನಗೂ ನಮ್ಮ ಬೋರ್ಡು ಸಾಲಿಯ ಗೋಡೆಯ ಮೇಲೆ ಹೇಗೆ ಕಾಣುತ್ತದೆ ನೋಡುವ ಆಸೆ ಇತ್ತು.

ಊರಿನ ಮೊದಲ ಮನೆಗಳ ಹತ್ತಿರ, ದೂರದಿಂದಲೇ ರಸ್ತೆಯ ದಂಡೆಗೆ ಬೋರಿಂಗ್ ಕಾಣಿಸಿತು. ಅದರ ಹಿಂದೆ ಒಂದು ಕಟ್ಟಿಗೆಯ ಗೂಟ, ಗೂಟಕ್ಕೆ ಒಂದು ಬೋರ್ಡು. "ಅರೆ, ಅದು ನಮ್ಮದೇ ಅಲ್ಲೇನ್ರಿ?" ಅಂದೆ. ನೀಲಿ ಲೋಟ, ನೀಲಿ ಹನಿ, ದೂರದಿಂದಲೇ ಎಷ್ಟು ಚೊಕ್ಕ ಕಾಣುತ್ತಿತ್ತು! ನಿಜ ಹೇಳುತ್ತೇನೆ, ಮೊದಲು ನನಗೆ ಆದದ್ದು ಖುಷಿ. ನೋಡು, ಬಿಸಿಲಿಗೂ ಹೇಗೆ ನಿಂತಿದೆ ಎಂಬ ಹೆಮ್ಮೆ. ಬೈಕು ಇನ್ನಷ್ಟು ಹತ್ತಿರ ಹೋಯಿತು. ಲೋಟದ ಮೇಲೆ ಏನೂ ಇರಲಿಲ್ಲ. ಕಾಟು ಇರಲಿಲ್ಲ. ನೆತ್ತಿಯ ಮೇಲೆ ಅಕ್ಷರ ಇರಲಿಲ್ಲ, ಬಿಳಿ ಜಾಗ ಮಾತ್ರ ಇತ್ತು. ತುಂಬಿದ ಲೋಟ, ಅದರ ಕೆಳಗೆ "ನೀರು ಅಮೂಲ್ಯ".

ಬೋರಿಂಗಿನ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕೊಡ ತುಂಬುತ್ತಿದ್ದಳು. ಪಕ್ಕದಲ್ಲಿ ಐದಾರು ವರ್ಷದ ಹುಡುಗಿ ಬೊಗಸೆಯಲ್ಲಿ ನೀರು ಹಿಡಿದು ಕುಡಿಯುತ್ತಿತ್ತು. ನೀರು ಗದ್ದದಿಂದ ಇಳಿದು ಅಂಗಿ ಒದ್ದೆಯಾಗಿತ್ತು.

ನಾನು ಬೈಕು ನಿಲ್ಲುವ ಮೊದಲೇ ಹಾರಿದ್ದೆ. ಓಡಿ ಹೋಗಿ ಹುಡುಗಿಯ ಕೈ ತಟ್ಟಿ ಬಿಡಿಸಿದೆ. ಹೆಂಗಸಿನ ಕೊಡವನ್ನು ಕಾಲಿನಿಂದ ಉರುಳಿಸಿಬಿಟ್ಟೆ. ಬರದ ವರ್ಷ ತುಂಬಿದ ಕೊಡ ಉರುಳಿಸುವುದೆಂದರೆ ಏನೆಂದು ಬೇರೆ ಕಡೆಯವರಿಗೆ ತಿಳಿಯಲಿಕ್ಕಿಲ್ಲ. ಹೆಂಗಸು ನನ್ನ ಮೈಮೇಲೆಯೇ ಬಂದಳು.

"ಹುಚ್ಚಿ ಏನಾ ನೀ? ಕಣ್ಣಿಗಿ ಏನಾಗ್ಯಾದ? ಬೊಗಸಿ ನೀರಿಗಿ ಬಡಿದಾಡ್ತೇವಿ, ಕೊಡಾನೇ ಚೆಲ್ಲಿದೆಲ್ಲ!"

"ಕುಡೀಬ್ಯಾಡ್ರಿ ಅಕ್ಕಾ, ಈ ನೀರು ಕುಡೀಬ್ಯಾಡ್ರಿ. ಕೆಟ್ಟ ನೀರು ಅದ. ಎಷ್ಟು ಕುಡದೀರಿ?"

"ನಿನ್ನೆಯಿಂದ ಇದೇ ಕುಡೀಲತ್ತೀವಿ. ನೆತ್ತಿ ಮ್ಯಾಲ ಬೋರ್ಡ್ ಹಚ್ಯಾರ, ಕಾಣಂಗಿಲ್ಲೇನು ನಿನಗ?"

ಆಕೆ ಬೆರಳು ಮಾಡಿ ನನ್ನ ಲೋಟವನ್ನೇ ತೋರಿಸಿದಳು. ಯಜಮಾನರು ನಡುವೆ ಬಂದು, "ಅದು ಕುಡೀಬ್ಯಾಡ್ರಿ ಅಂತ ಬರದ ಬೋರ್ಡ್ ಅಕ್ಕಾ, ಬಿಸಿಲಿಗಿ ಕೆಂಪು ಹಾರಿ ಹೋಗ್ಯಾದ. ನಾವೇ ಮಾಡೀವಿ ಅದನ್ನ" ಅಂದರು. ಹೆಂಗಸು ಅವರನ್ನು ನೋಡಿದಳು, ಬೋರ್ಡು ನೋಡಿದಳು, ಮಗಳನ್ನು ನೋಡಿದಳು. ಸೆರಗಿನಿಂದ ಮಗಳ ಬಾಯಿಯನ್ನು ಗಸಗಸ ಒರೆಸತೊಡಗಿದಳು.

ಕೂಗಾಟ ಕೇಳಿ ಮಾಸ್ತರರು ಮೋಟಾರ್ ಸೈಕಲ್ಲಿನ ಮೇಲೆ ಬಂದರು. ಅವರು ಹೇಳಿದ್ದು ಕೇಳಿ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದಾಯಿತು. ರಜೆ ಬಿದ್ದು ಸಾಲಿಗೆ ಬೀಗ ಹಾಕಿದ ದಿನ ಅವರಿಗೆ ಅನಿಸಿತಂತೆ, ಹುಡುಗರು ಬಿಸಿಲಿನಲ್ಲಿ ಆಡುತ್ತ ಬೋರಿಂಗಿಗೆ ಹೋಗುತ್ತವೆ, ಬೋರ್ಡು ಕತ್ತಲ ಕೋಣೆಯಲ್ಲಿ ಯಾರನ್ನು ಕಾಯಬೇಕು ಎಂದು. ತಾವೇ ಗೂಟ ನೆಟ್ಟು, ತಾವೇ ಮೊಳೆ ಹೊಡೆದು ಹಾಕಿದ್ದರು. ಆಮೇಲೆ ಮಗಳ ಊರಿಗೆ ಹೋದವರು ನಿನ್ನೆ ರಾತ್ರಿಯಷ್ಟೇ ಬಂದಿದ್ದರು. ಊರಲ್ಲಿ ಉಳಿದವರಿಗೆ ನೀರು ಕೆಟ್ಟಿದ್ದು ಗೊತ್ತು, ಅವರಿಗೆ ಬೋರ್ಡು ನೋಡುವ ಕೆಲಸವೇ ಇಲ್ಲ. ಈ ರುಕ್ಮಾಬಾಯಿ ದೀಪಾವಳಿಗೆ ಹೈದರಾಬಾದಿಗೆ ಹೋದವಳು. ಬಿತ್ತನೆಗೆ ಹೊಲ ಹಸನು ಮಾಡಲು, ಗಂಡನನ್ನು ಅಲ್ಲೇ ಕೆಲಸಕ್ಕೆ ಬಿಟ್ಟು ಮಗಳ ಜೊತೆ ನಿನ್ನೆ ಸಂಜೆ ಬಂದಿಳಿದಿದ್ದಳು. ಮನೆ ರಸ್ತೆಯ ದಂಡೆಗೇ. ಟ್ಯಾಂಕರು ನಿಲ್ಲುವುದು ಊರಿನ ಆ ತುದಿಗೆ, ಜನವೆಲ್ಲ ಆ ಕಡೆ. ಆಕೆಗೆ ಹೇಳುವವರು ಯಾರೂ ಸಿಕ್ಕಿರಲಿಲ್ಲ.

ನಾವು ಮಾತಾಡುತ್ತಿರುವಾಗಲೇ ಹುಡುಗಿ ಹೊಟ್ಟೆ ಹಿಡಿದುಕೊಂಡು ಕೂತಿತು. ಅಂಬಿಕಾ ಎಂದು ಹೆಸರು. ಅವ್ವಾ ಎಂದು ಒಂದು ಸಲ ಅಂದು, ಬೋರಿಂಗಿನ ಕಟ್ಟೆಗೆ ವಾಂತಿ ಮಾಡಿಕೊಂಡಿತು.

ಆಮೇಲೆ ಯಾರು ಏನು ಹೇಳಿದರೋ ನೆನಪಿಲ್ಲ. ನಮ್ಮ ಬೈಕಿನ ಮೇಲೆ ತಾಯಿ ಮಗಳು, ಮಾಸ್ತರರ ಗಾಡಿಯ ಹಿಂದೆ ನಾನು, ಔರಾದದ ದವಾಖಾನೆಗೆ ಹೋದೆವು. ದಾರಿಯಲ್ಲಿ ಮಾಸ್ತರರು ಒಂದೇ ಮಾತು ಹೇಳುತ್ತಿದ್ದರು, "ಛಲೋ ಆಗ್ಲಿ ಅಂತ ಮಾಡ್ದೆ ತಂಗಿ, ಛಲೋ ಆಗ್ಲಿ ಅಂತ ಮಾಡ್ದೆ."

ಡಾಕ್ಟರು ಹುಡುಗಿಗೆ ಸಲೈನ್ ಹಚ್ಚಿದರು. "ಬೇಗ ತಂದೀರಿ. ಆದ್ರ ಮೈಯಾಗ ನೀರಿಲ್ಲ. ಸಂಜಿತನಾ ನೋಡಬೇಕು" ಅಂದರು. ಮಾಸ್ತರರು ಮತ್ತು ಯಜಮಾನರು ಬೋರಿಂಗಿನ ಕಡೆ ತಿರುಗಿ ಹೋದರು; ಆ ಗೂಟ ಕಿತ್ತು, ಸದ್ಯಕ್ಕೆ ಬೋರಿಂಗಿನ ಸುತ್ತ ಜಾಲಿಮುಳ್ಳು ಹಚ್ಚುವ ತನಕ ಅವರಿಗೂ ಸಮಾಧಾನ ಇರುವಂತಿರಲಿಲ್ಲ. ಊರಿಗೆ ಮರಳುವವರ ಇನ್ನೊಂದು ಬಸ್ಸು ಬರುವುದರೊಳಗೆ ಅದು ಆಗಬೇಕಿತ್ತು. ನಾನು ಮತ್ತು ರುಕ್ಮಾಬಾಯಿ ಮಂಚದ ಆ ಬದಿ, ಈ ಬದಿ ಕೂತೆವು.

ಆ ಕೋಣೆಯ ಗೋಡೆಯ ತುಂಬ ಬೋರ್ಡುಗಳು. ಕೈ ತೊಳೆಯಿರಿ, ಲಸಿಕೆ ಹಾಕಿಸಿ, ಕುದಿಸಿದ ನೀರು ಕುಡಿಯಿರಿ. ನೆರಳಿನಲ್ಲಿ ಇದ್ದುದಕ್ಕೆ ಒಂದೊಂದರ ಕೆಂಪೂ ಹೊಸದಾಗಿ ಹಚ್ಚಿದ ಕುಂಕುಮದಂತೆ ಇತ್ತು. ನನಗೆ ಅವುಗಳನ್ನು ನೋಡಲು ಆಗಲಿಲ್ಲ. ಹುಡುಗಿಯ ಮುಖ ನೋಡಿದರೆ ಇನ್ನೂ ಭಯ. ತುಟಿ ಒಣಗಿ ಬಿಳಿಚಿಕೊಂಡಿತ್ತು, ಕಣ್ಣು ಒಳಗೆ ಹೋಗಿತ್ತು. ನಾನು ದೇವರಿಗೆ ಹರಕೆ ಹೊರುವವಳಲ್ಲ, ನಮ್ಮ ಮನೆಯಲ್ಲಿ ಹೇಳುವ ಬುದ್ಧವಂದನೆಯ ಸಾಲುಗಳನ್ನು ಹೇಳಿಕೊಳ್ಳಲು ನೋಡಿದೆ, ಅರ್ಧಕ್ಕೇ ಮರೆತುಹೋಯಿತು. ಇಷ್ಟು ವರ್ಷ ಗಾಳಿಗೆ ಅಂಜಿದೆ, ಮಳೆಗೆ ಅಂಜಿದೆ, ಬೋರ್ಡು ಯಾರ ತಲೆಯ ಮೇಲೋ ಬೀಳುತ್ತದೆ ಎಂದು ಅಂಜಿದೆ. ಬೋರ್ಡು ಬೀಳದೆ, ನಿಂತಲ್ಲೇ ನಿಂತು ಒಂದು ಕೂಸನ್ನು ಹೀಗೆ ಮಲಗಿಸಬಹುದು ಎಂದು ನನ್ನ ಅಂಜಿಕೆಗೂ ಹೊಳೆದಿರಲಿಲ್ಲ.

ರುಕ್ಮಾಬಾಯಿ ತಾನಾಗಿಯೇ ಮಾತಾಡಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಕಷ್ಟವಾಯಿತು.

"ಅಲ್ಲಿ ಹೈದರಾಬಾದದಾಗ ಕೆಲಸದ ಜಾಗಾದಾಗ ಎರಡು ನಮೂನಿ ನಳ ಇರ್ತಾವ್ರಿ. ಒಂದು ಸಿಮೆಂಟ್ ಕಲಸೋ ನೀರು, ಒಂದು ಕುಡ್ಯೋದು. ಕುಡ್ಯೋ ನಳದ ಮ್ಯಾಲ ಗ್ಲಾಸಿನ ಚಿತ್ರ ಇರ್ತದ. ಚಿತ್ರ ನೋಡೇ ಕುಡೀರಿ, ಇಲ್ಲಂದ್ರ ಸಾಯ್ತೀರಿ ಅಂತ ಮೇಸ್ತ್ರಿ ದಿನಾ ಬೈತಿದ್ದ. ಹೋದ ದಿನಾನೇ ಈಕಿಗಿ ಕಲಿಸೀನಿ. ಚಿತ್ರ ಇದ್ದಲ್ಲೇ ಕುಡಿ ಬೇಟಾ, ಮತ್ತೆಲ್ಲೂ ಬಾಯಿ ಹಚ್ಚಬ್ಯಾಡ ಅಂತ. ನಿನ್ನೆ ಗಾಡಿ ಇಳಿದ ಕೂಡ್ಲೇ ಈಕೀನೇ ಓಡಿದಳು. ಅವ್ವಾ, ನಮ್ಮೂರಾಗೂ ಗ್ಲಾಸ್ ಹಚ್ಯಾರ ನೋಡು ಅಂದಳು."

ನಾನು ಸರಿದಿದ್ದ ಹೊದಿಕೆಯನ್ನು ಹುಡುಗಿಯ ಕಾಲಿನ ಮೇಲೆ ಎಳೆದೆ.

"ಆ ಬೋರ್ಡ್ ಇರಲಿಲ್ಲಂದ್ರ ಯಾರಿಗಾರ ಕೇಳ್ತಿದ್ದೆ ಬಾಯಿ" ಅಂದಳು ಆಕೆ. "ಬರಗಾಲದಾಗ ಕೇಳದೆ ಯಾರು ಕುಡೀತಾರ?"

ಹೊತ್ತು ಇಳಿಯುವಾಗ ಹುಡುಗಿ ಕಣ್ಣು ಬಿಟ್ಟಿತು. ಡಾಕ್ಟರು ಬಂದು ಚರ್ಮ ಹಿಂಡಿ ನೋಡಿ, ನಾಲಿಗೆ ನೋಡಿ, ಇನ್ನು ಹೆದರಿಕೆ ಇಲ್ಲ, ಬಾಯಿಗೆ ಸ್ವಲ್ಪ ಸ್ವಲ್ಪ ನೀರು ಹಾಕಬಹುದು ಅಂದರು. ನನಗೆ ಅಳು ಒತ್ತಿ ಬಂತು, ಅಳುತ್ತಲೇ ನಕ್ಕೆ. ಅಂಬಿಕಾ ನಮ್ಮಿಬ್ಬರನ್ನೂ ನೋಡಿ, "ಅವ್ವಾ, ನೀರು" ಅಂತು.

ನಾನು ಹೊರಗೆ ಓಡಿದೆ. ಎದುರಿನ ಅಂಗಡಿಯಿಂದ ನೀರಿನ ಬಾಟಲಿ ತಂದೆ. ತಣ್ಣಗಿತ್ತು, ಸೀಲು ಇತ್ತು, ಸುತ್ತ ಹೊಳೆಯುವ ಹಾಳೆ, ಹಾಳೆಯ ಮೇಲೆ ನೀಲಿ ಬೆಟ್ಟ, ನೀಲಿ ಹನಿಗಳು. ರುಕ್ಮಾಬಾಯಿಯ ಕೈಗೆ ಕೊಟ್ಟೆ. ಆಕೆ ಅದನ್ನು ತೆಗೆದುಕೊಂಡು ಮಗಳ ಬಾಯಿಯ ತನಕ ಒಯ್ದವಳು ಅಲ್ಲೇ ತಡೆದಳು. ಹಾಳೆಯ ಮೇಲಿನ ಚಿತ್ರವನ್ನು ಬೆರಳಿನಿಂದ ತಿಕ್ಕಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಬಾಟಲಿಯನ್ನು ಮಂಚದ ಮೇಲಿಂದ ನನಗೇ ವಾಪಸು ಚಾಚಿದಳು.

"ಮೊದಲ ನೀ ಕುಡಿ."

ಸೀಲು ಒಡೆದು ಆಕೆಯ ಕಣ್ಣೆದುರಿಗೇ ಕುಡಿದೆ. ಬಾಟಲಿ ಚಾಚಿದೆ. ಆಕೆ ಕೈ ಮುಂದೆ ಮಾಡಲಿಲ್ಲ. ಹುಡುಗಿ ಮತ್ತೊಮ್ಮೆ ನೀರು ಅಂದಿತು. ರುಕ್ಮಾಬಾಯಿ ಅದರ ನೆತ್ತಿ ಸವರುತ್ತ, ನನಗೆ ಏನಾಗುತ್ತದೋ ಎಂದು ನನ್ನ ಮುಖವನ್ನೇ ನೋಡುತ್ತ ಕೂತಳು.